‘ಶೇಕ್ ಆಗಿದೆ’ ಎಂಬ ತೀರ್ಪಿನ ವಿರುದ್ಧ

ನಮ್ಮಲ್ಲಿ ಒಂದು ಫೋಟೋವನ್ನು ಕೊಲ್ಲಲು ಎರಡು ಪದ ಸಾಕು: ‘ಶೇಕ್ ಆಗಿದೆ’. ಮದುವೆ ಆಲ್ಬಂ ತಿರುವಿ ಹಾಕುವ ನೆಂಟರಿಂದ ಹಿಡಿದು ಸ್ಪರ್ಧೆಯ ತೀರ್ಪುಗಾರರವರೆಗೆ ಎಲ್ಲರೂ ಇದನ್ನು ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಹೇಳಿದ ಮೇಲೆ ವಾದವಿಲ್ಲ, ಮೇಲ್ಮನವಿಯಿಲ್ಲ. ಈಚೆಗೆ ಆ ಕೆಲಸವನ್ನು ಫೋನೇ ವಹಿಸಿಕೊಂಡಿದೆ. ಜಾಗ ಸಾಲದಾದಾಗ ‘ಮಸುಕಾದ ಚಿತ್ರಗಳಿವೆ, ಅಳಿಸೋಣವೇ?’ ಎಂದು ತಾನಾಗಿಯೇ ಕೇಳುತ್ತದೆ. ನಾವೂ ಹಿಂದೆಮುಂದೆ ನೋಡದೆ ಹ್ಞೂಂ ಅನ್ನುತ್ತೇವೆ.

ಈ ತೀರ್ಪಿನ ವಿರುದ್ಧ ನಾನು ವಕಾಲತ್ತು ವಹಿಸುತ್ತಿದ್ದೇನೆ. ನನ್ನ ಕಕ್ಷಿದಾರ ಒಂದು ವಿಚಿತ್ರ ಜಾತಿಯ ಚಿತ್ರ. ಶಟರನ್ನು ಅರ್ಧ ಸೆಕೆಂಡೋ, ಎರಡು ಸೆಕೆಂಡೋ, ಹತ್ತು ಸೆಕೆಂಡೋ ತೆರೆದಿಟ್ಟು, ಅಷ್ಟು ಹೊತ್ತೂ ಕ್ಯಾಮೆರಾವನ್ನು ಬೇಕೆಂದೇ ಆಡಿಸಿ, ಬೆಳಕು ಎಳೆದ ಗೆರೆಗಳನ್ನು ಮಾತ್ರ ಹಿಡಿಯುವ ಚಿತ್ರ. ಅದರಲ್ಲಿ ಮುಖವಿಲ್ಲ, ಊರಿಲ್ಲ, ಗುರುತಿಸಬಹುದಾದ ವಸ್ತುವಿಲ್ಲ. ನನ್ನ ವಾದ ಇಷ್ಟು: ಇಂಥ ಚಿತ್ರ ಕೆಟ್ಟುಹೋದ ಫೋಟೋ ಅಲ್ಲ, ಫೋಟೋದ ವೇಷ ತೊಟ್ಟ ಪೇಂಟಿಂಗೂ ಅಲ್ಲ. ಅದು ಒಂದು ದಾಖಲೆ. ಸ್ಪಷ್ಟವಾದ ಚಿತ್ರ ಹೇಳಲಾರದ ಕೆಲವು ನಿಜಗಳನ್ನು ಅದು ಹೇಳುತ್ತದೆ. ಸ್ಪಷ್ಟತೆಯನ್ನೇ ಸತ್ಯವೆಂದು ತಿಳಿದಿರುವ ನಮ್ಮ ಅಭ್ಯಾಸಕ್ಕೆ ಅದು ಕಾಣುತ್ತಿಲ್ಲ, ಅಷ್ಟೆ.

ಮೊದಲು ಎದುರುಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಕರ್ನಾಟಕದಲ್ಲಿ ಫೋಟೋಗ್ರಫಿ ಕಲೆಯಾಗಿ ಬೆಳೆದದ್ದರಲ್ಲಿ ಕಾಡಿನ ಪಾಲು ದೊಡ್ಡದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಮರೆಯಲ್ಲಿ ಕುಳಿತು, ಭಾರದ ಲೆನ್ಸುಗಳನ್ನು ಹೊತ್ತು, ಒಂದು ರೋಲ್ ಫಿಲ್ಮಿನ ಬೆಲೆ ಗೊತ್ತಿದ್ದ ಕಾಲದಲ್ಲಿ ಕೆಲಸ ಮಾಡಿದರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತ ಹಕ್ಕಿಗಳ ಬೆನ್ನು ಹತ್ತಿದ್ದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಕ್ಕಿಯ ಚಿತ್ರದಲ್ಲಿ ಕಣ್ಣು ಶಾರ್ಪ್ ಇರಲೇಬೇಕು. ಗರಿಯ ಅಂಚು ಕಾಣದಿದ್ದರೆ ಅದು ಯಾವ ಹಕ್ಕಿ ಎಂದೇ ಹೇಳಲಾಗದು. ಅಲ್ಲಿ ಸ್ಪಷ್ಟತೆ ಒಂದು ಉದ್ದೇಶಕ್ಕೆ ಹುಟ್ಟಿದ ನಿಯಮ. ಆ ಉದ್ದೇಶ ಇರುವಲ್ಲಿ ಆ ನಿಯಮಕ್ಕೆ ನಾನೂ ತಲೆಬಾಗುತ್ತೇನೆ.

ತಕರಾರು ಇರುವುದು ಆ ನಿಯಮ ಕಾಡಿನಿಂದ ಊರಿಗೆ ಬಂದು ಎಲ್ಲರ ಮನೆಯ ಯಜಮಾನನಾದದ್ದರ ಬಗ್ಗೆ. ಹಕ್ಕಿಗೆ ಹಾಕಿದ ಅಳತೆಗೋಲನ್ನು ಬೆಳಕಿಗೂ ಹಾಕುತ್ತೇವೆ. ಮೀನನ್ನು ಅದು ಮರ ಹತ್ತುವ ಚಂದದಿಂದ ಅಳೆಯುವವರಿಗೆ ಏನು ಹೇಳುವುದು? ಬೆಳಕಿಗೆ ಕಣ್ಣಿಲ್ಲ, ಗರಿಯಿಲ್ಲ. ಅದಕ್ಕಿರುವುದು ಬಣ್ಣ, ತೀವ್ರತೆ, ಚಲನೆ ಮತ್ತು ಕಾಲ. ಇವುಗಳಲ್ಲಿ ಕೊನೆಯ ಎರಡನ್ನು ಹಿಡಿಯಲು ನಿಂತ ಕ್ಯಾಮೆರಾಕ್ಕೂ ಸೆಕೆಂಡಿನ ಐನೂರನೇ ಭಾಗಕ್ಕೂ ಸಾಧ್ಯವೇ ಇಲ್ಲ.

ಇತಿಹಾಸ ನೋಡಿದರೆ ದೀರ್ಘ ಎಕ್ಸ್‌ಪೋಶರ್ ಈ ಕಲೆಗೆ ಹೊರಗಿನಿಂದ ಬಂದ ಚೇಷ್ಟೆಯಲ್ಲ, ಅದು ಹುಟ್ಟಿನಿಂದಲೇ ಇದ್ದದ್ದು. ಇಂದು ಉಳಿದಿರುವ, ಕ್ಯಾಮೆರಾದಿಂದ ತೆಗೆದ ಅತ್ಯಂತ ಹಳೆಯ ಚಿತ್ರ ಫ್ರಾನ್ಸಿನ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದದ್ದು. ಅದಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಸೂರ್ಯ ಆಕಾಶ ದಾಟಿದ್ದರಿಂದ ಅಂಗಳದ ಎರಡೂ ಕಡೆಯ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ. ಅಂಥ ನೋಟವನ್ನು ಯಾವ ಮನುಷ್ಯನ ಕಣ್ಣೂ ಒಂದೇ ಕ್ಷಣದಲ್ಲಿ ಕಂಡಿರಲು ಸಾಧ್ಯವಿಲ್ಲ. ಹಾಗೆಂದು ಅದನ್ನು ಸುಳ್ಳು ಎನ್ನುವವರೂ ಇಲ್ಲ. ಅದು ಒಂದು ಕ್ಷಣದ ನಿಜವಲ್ಲ, ಒಂದು ಹಗಲಿನ ನಿಜ.

1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಬುಲವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಮೇಲಿನಿಂದ ಚಿತ್ರಿಸಿದ. ಗಾಡಿ, ಕುದುರೆ, ಜನರಿಂದ ಗಿಜಿಗುಡುವ ಬೀದಿ. ಚಿತ್ರದಲ್ಲಿ ಅದು ಬಿಕೋ ಎನ್ನುತ್ತದೆ. ಎಕ್ಸ್‌ಪೋಶರ್ ಹಲವು ನಿಮಿಷ ಹಿಡಿದಿದ್ದರಿಂದ ನಡೆದಾಡುತ್ತಿದ್ದವರೆಲ್ಲ ಮಾಯವಾದರು. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ, ಪಾಲಿಶ್ ಮಾಡುತ್ತಿದ್ದವನೊಬ್ಬ ಮಾತ್ರ ಉಳಿದರು. ಈ ಚಿತ್ರವನ್ನು ಮನುಷ್ಯ ಕಾಣಿಸಿಕೊಂಡ ಮೊದಲ ಫೋಟೋ ಎಂದು ಪಾಠ ಹೇಳುತ್ತೇವೆ. ಅದರ ಇನ್ನೊಂದು ಪಾಠವನ್ನು ಬಿಟ್ಟುಬಿಡುತ್ತೇವೆ: ‘ಸ್ಪಷ್ಟ’ವಾದ ಚಿತ್ರ ನಿಂತವರನ್ನು ಉಳಿಸಿಕೊಂಡು ನಡೆದವರನ್ನು ಅಳಿಸಿಹಾಕಿತು. ಅಲ್ಲಿಂದ ಮುಂದೆ ಕ್ಯಾಮೆರಾದ ಎದುರು ನಿಂತವರಿಗೆಲ್ಲ ಒಂದೇ ಅಪ್ಪಣೆ: ಅಲುಗಾಡಬೇಡಿ. ನಮ್ಮ ಅಜ್ಜ ಅಜ್ಜಿಯರ ಸ್ಟುಡಿಯೋ ಫೋಟೋಗಳನ್ನು ನೋಡಿ. ಉಸಿರು ಬಿಗಿಹಿಡಿದು, ಮೊಣಕಾಲ ಮೇಲೆ ಕೈಯಿಟ್ಟು, ಯಾರೋ ಬೈದ ಹಾಗೆ ಕುಳಿತಿರುತ್ತಾರೆ. ಆ ಬಿಗುವು ಅವರ ಸ್ವಭಾವವಲ್ಲ, ಕ್ಯಾಮೆರಾದ ಷರತ್ತು.

ಮುಂದೆ ಫಿಲ್ಮು ಚುರುಕಾಯಿತು, ಶಟರು ಚುರುಕಾಯಿತು, ಓಡುವ ಕುದುರೆಯ ಕಾಲನ್ನೂ ಗಾಳಿಯಲ್ಲಿ ನಿಲ್ಲಿಸಬಹುದಾಯಿತು. ಅದು ದೊಡ್ಡ ಗೆಲುವು, ಒಪ್ಪೋಣ. ಆದರೆ ಗೆದ್ದವರು ಬರೆದ ಚರಿತ್ರೆಯಲ್ಲಿ ಸೋತವರಿಗೆ ಆಗುವ ಗತಿಯೇ ಚಲನೆಗೂ ಆಯಿತು. ಗೆರೆಯಾಗಿ ಉಳಿದ ಚಲನೆಗೆ ‘ದೋಷ’ ಎಂಬ ಹೆಸರು ಬಿತ್ತು. ಇಟಲಿಯ ಆಂಟನ್ ಜೂಲಿಯೊ ಬ್ರಗಾಲಿಯ ಈ ಹೆಸರನ್ನು ಒಪ್ಪಲಿಲ್ಲ. 1911ರಿಂದ ಅವನೂ ಅವನ ತಮ್ಮನೂ ಸೇರಿ ಟೈಪ್ ಮಾಡುವ ಕೈ, ತಲೆ ತಿರುಗಿಸುವ ಮನುಷ್ಯ ಇಂಥವನ್ನು ಶಟರ್ ತೆರೆದಿಟ್ಟು ಚಿತ್ರಿಸಿದರು. ಚಲನೆಯನ್ನು ತುಂಡು ತುಂಡಾಗಿ ಕತ್ತರಿಸಿ ಜೋಡಿಸಿದರೆ ಚಲನೆ ಸಿಗುವುದಿಲ್ಲ, ತುಂಡುಗಳು ಸಿಗುತ್ತವೆ ಎಂಬುದು ಅವನ ವಾದದ ಸಾರ. ತಮಾಷೆ ನೋಡಿ, 1913ರಲ್ಲಿ ಬೊಚ್ಚೋನಿ ಮುಂತಾದ ಫ್ಯೂಚರಿಸ್ಟ್ ಚಿತ್ರಕಾರರು, ವೇಗವೇ ದೇವರೆಂದು ಸಾರುತ್ತಿದ್ದವರು, ಇವನ ಫೋಟೋಗಳಿಗೂ ತಮ್ಮ ಕಲೆಗೂ ಸಂಬಂಧವಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಕುಂಚದಲ್ಲಿ ಬಂದ ಚಲನೆ ಕ್ರಾಂತಿ, ಲೆನ್ಸಿನಲ್ಲಿ ಬಂದ ಚಲನೆ ಶೇಕ್! ನೂರು ವರ್ಷ ಕಳೆದರೂ ಈ ಪಂಕ್ತಿಭೇದ ಹೋಗಿಲ್ಲ. ಅಮೂರ್ತ ಪೇಂಟಿಂಗಿನ ಮುಂದೆ ಗಂಭೀರವಾಗಿ ಕೈಕಟ್ಟಿ ನಿಲ್ಲುವವರೇ ಅಮೂರ್ತ ಫೋಟೋದ ಮುಂದೆ ‘ಫೋಕಸ್ ಸರಿಯಾಗಿಲ್ವಾ?’ ಎಂದು ಕೇಳುತ್ತಾರೆ.

ಈಗ ದಾಖಲೆಯ ಮಾತಿಗೆ ಬರೋಣ. ಇದೇ ನನ್ನ ವಾದದ ಬೆನ್ನೆಲುಬು.

ರಾತ್ರಿ ಒಂದು ಬೀದಿಯ ದೀಪವನ್ನು ಸಾಮಾನ್ಯ ರೀತಿಯಲ್ಲಿ ಫೋಟೋ ತೆಗೆಯಿರಿ. ಸಿಗುವುದು ಒಂದು ಹೊಳೆಯುವ ಚುಕ್ಕೆ. ಈಗ ಐಎಸ್‌ಒ 100ಕ್ಕೆ ಇಳಿಸಿ, ಅಪರ್ಚರನ್ನು ಎಫ್ 11ರ ಸುತ್ತ ಇಟ್ಟು, ಶಟರಿಗೆ ಅರ್ಧ ಸೆಕೆಂಡ್ ಕೊಟ್ಟು, ಅಷ್ಟು ಹೊತ್ತಿನಲ್ಲಿ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಒಂದೇ ಸಮನೆ ಎಳೆಯಿರಿ. ಅದು ಹಳೆಯ ಸೋಡಿಯಂ ದೀಪವಾಗಿದ್ದರೆ ಗೆರೆ ಅಖಂಡವಾಗಿ ಬರುವುದಿಲ್ಲ. ಹಳದಿ ಮಣಿಗಳ ಸರ ಬರುತ್ತದೆ. ಕಾರಣ ಸರಳ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಪ್ರತಿ ಆವರ್ತದಲ್ಲಿ ಎರಡು ಸಲ ಏರಿ ಇಳಿಯುವುದರಿಂದ ದೀಪ ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತದೆ. ಕಣ್ಣಿಗೆ ಇದು ಕಾಣದು. ನಿಂತ ಕ್ಯಾಮೆರಾಕ್ಕೂ ಕಾಣದು, ಏಕೆಂದರೆ ಅಷ್ಟೂ ಮಿಡಿತಗಳು ಒಂದೇ ಚುಕ್ಕೆಯ ಮೇಲೆ ಬಿದ್ದು ಒಂದಾಗುತ್ತವೆ. ಕ್ಯಾಮೆರಾ ಅಲುಗಿದಾಗ ಮಾತ್ರ ಒಂದೊಂದು ಮಿಡಿತಕ್ಕೂ ಒಂದೊಂದು ಜಾಗ ಸಿಗುತ್ತದೆ. ಅರ್ಧ ಸೆಕೆಂಡಿಗೆ ಐವತ್ತು ಮಣಿ. ಎಣಿಸಿ ನೋಡಬಹುದು.

ಇಲ್ಲಿಗೆ ಮುಗಿಯಲಿಲ್ಲ. ಹಳೆಯ ಫಿಲಮೆಂಟ್ ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗದ ಕಾರಣ ಅದರ ಗೆರೆ ಹೆಚ್ಚುಕಡಿಮೆ ಅಖಂಡವಾಗಿ, ತುಸುವೇ ಅಲೆಯಾಗಿ ಬರುತ್ತದೆ. ಒಳ್ಳೆಯ ಡ್ರೈವರ್ ಇರುವ ಎಲ್ಇಡಿ ನೇರ ಪಟ್ಟಿ ಎಳೆಯುತ್ತದೆ. ಅಗ್ಗದ ಎಲ್ಇಡಿ ಕಡ್ಡಿ ಮುರಿದಂತೆ ತುಂಡು ತುಂಡಾಗಿ ಬರುತ್ತದೆ, ನಡುವೆ ಕಗ್ಗತ್ತಲು. ಎಷ್ಟೋ ಕಾರುಗಳ ಹಿಂದಿನ ಕೆಂಪು ದೀಪವೂ ಹೀಗೆಯೇ ತುಂಡು ಗೆರೆಯಾಗುತ್ತದೆ. ಎಣ್ಣೆಯ ಹಣತೆ ಮಾತ್ರ ಎಲ್ಲೂ ಮುರಿಯದೆ, ಗಾಳಿಗೆ ಬಾಗುತ್ತ ಬಳುಕುತ್ತ ಒಂದೇ ಎಳೆಯಾಗಿ ಬರುತ್ತದೆ. ನಿಂತ ಚಿತ್ರದಲ್ಲಿ ಇವೆಲ್ಲವೂ ಒಂದೇ ತರಹದ ಹೊಳೆಯುವ ಚುಕ್ಕೆಗಳು. ಯಾವ ಚಿತ್ರ ಹೆಚ್ಚು ನಿಜ ಹೇಳಿತು? ಕಳೆದ ಹತ್ತು ವರ್ಷಗಳಲ್ಲಿ ನಮ್ಮ ಊರುಗಳ ಹಳದಿ ಸೋಡಿಯಂ ರಾತ್ರಿ ಹೋಗಿ ಬಿಳಿಯ ಎಲ್ಇಡಿ ರಾತ್ರಿ ಬಂತು. ಈ ಬದಲಾವಣೆಯ ಬಣ್ಣವನ್ನು ಸಾಮಾನ್ಯ ಫೋಟೋಗಳೂ ತೋರಿಸುತ್ತವೆ. ಅದರ ನಾಡಿಮಿಡಿತ ಬದಲಾದದ್ದನ್ನು ಅಲುಗಿದ ಚಿತ್ರಗಳು ಮಾತ್ರ ದಾಖಲಿಸಿವೆ.

ಒಂದು ಅಂತರಕಾಲೇಜು ಸ್ಪರ್ಧೆಯ ಪ್ರದರ್ಶನದಲ್ಲಿ ನಾನು ಪ್ರೇಕ್ಷಕನಾಗಿ ಕುಳಿತಿದ್ದೆ. ಹುಡುಗಿಯೊಬ್ಬಳು ಕಾರ್ತಿಕ ದೀಪೋತ್ಸವದ ಚಿತ್ರ ಕೊಟ್ಟಿದ್ದಳು. ಗುಡಿಯ ಮೆಟ್ಟಿಲ ಮೇಲೆ ಹಣತೆಗಳ ಸಾಲು, ಮೇಲೆ ಗೋಪುರಕ್ಕೆ ಸುತ್ತಿದ ಸೀರಿಯಲ್ ಸೆಟ್ಟು. ಒಂದು ಸೆಕೆಂಡಿನಲ್ಲಿ ಕ್ಯಾಮೆರಾವನ್ನು ನಿಧಾನವಾಗಿ ಕೆಳಕ್ಕೆ ಇಳಿಸಿದ್ದಳು. ಗುಡಿಯಿಲ್ಲ, ಮೆಟ್ಟಿಲಿಲ್ಲ. ಕೆಳಗಿನ ಅರ್ಧದಲ್ಲಿ ಬಳುಕುವ ಹೊಂಬಣ್ಣದ ಎಳೆಗಳು, ಮೇಲಿನ ಅರ್ಧದಲ್ಲಿ ಹೊಲಿಗೆ ಹಾಕಿದಂತೆ ಬಿಟ್ಟು ಬಿಟ್ಟು ಬಂದ ಕೆಂಪು ಹಸಿರು ಗೆರೆಗಳು. ಎರಡು ಕಾಲದ ದೀಪಗಳು ಒಂದೇ ಗುಡಿಯಲ್ಲಿ ಹೇಗೆ ಬೇರೆಬೇರೆಯಾಗಿ ಉಸಿರಾಡುತ್ತಿವೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ತೀರ್ಪುಗಾರರು ಅದನ್ನು ಮೂರು ಸೆಕೆಂಡ್ ನೋಡಿ, ‘ಟ್ರೈಪಾಡ್ ಉಪಯೋಗಿಸಬೇಕಮ್ಮಾ’ ಎಂದು ಮುಂದಿನ ಸ್ಲೈಡಿಗೆ ಹೋದರು. ಬಹುಮಾನ ಬಂದದ್ದು ಬೆಳಗಿದ ಮೈಸೂರು ಅರಮನೆಯ ಚಿತ್ರಕ್ಕೆ. ಸುಮಾರು ಒಂದು ಲಕ್ಷ ಬಲ್ಬುಗಳ ಅರಮನೆ. ಪ್ರತಿ ಭಾನುವಾರ ಸಂಜೆ ಸಾವಿರಾರು ಜನ ಅದೇ ಜಾಗದಲ್ಲಿ ನಿಂತು ತೆಗೆಯುವ, ಕ್ಯಾಲೆಂಡರಿನಲ್ಲಿ ಈಗಾಗಲೇ ಅಚ್ಚಾಗಿರುವ ಚಿತ್ರ. ಅದು ಶಾರ್ಪ್ ಆಗಿತ್ತು, ನಿಜ. ಅದರಿಂದ ಯಾರಿಗೆ ಹೊಸದೇನು ತಿಳಿಯಿತು?

ತೀರ್ಪುಗಾರರ ಮೇಲೆ ನನಗೆ ವೈಯಕ್ತಿಕ ಸಿಟ್ಟಿಲ್ಲ. ಅವರು ತಾವು ಕಲಿತ ಪಾಠವನ್ನು ಒಪ್ಪಿಸಿದರು. ಸಿಟ್ಟಿರುವುದು ಆ ಪಾಠದ ಮೇಲೆ. ಆ ಪಾಠದ ಫಲವೆಂದರೆ ಮುಂದಿನ ವರ್ಷ ಆ ಹುಡುಗಿಯೂ ಅರಮನೆಯ ಚಿತ್ರ ತರುತ್ತಾಳೆ.

ಈಗ ಎದುರುವಾದಗಳನ್ನು ಒಂದೊಂದಾಗಿ ನೋಡೋಣ.

‘ಇದನ್ನು ಫೋಟೋಶಾಪಿನಲ್ಲೇ ಮಾಡಬಹುದಲ್ಲ’ ಎಂಬುದು ಮೊದಲನೆಯದು. ಆಗುವುದಿಲ್ಲ. ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಹೊಳಪಿಗೆ ಒಂದು ಚಾವಣಿಯಿದೆ, 255 ಎಂಬ ಸಂಖ್ಯೆ. ಬಿಳಿಯ ಕಾಗದವೂ ಅಲ್ಲಿಗೇ ಮುಟ್ಟುತ್ತದೆ, ಅದಕ್ಕಿಂತ ಸಾವಿರ ಪಟ್ಟು ಪ್ರಖರವಾದ ದೀಪವೂ ಅಲ್ಲಿಗೇ ನಿಲ್ಲುತ್ತದೆ. ಅಂಥ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದರೆ ದೀಪದ ಬೆಳಕು ಅಕ್ಕಪಕ್ಕದ ಕತ್ತಲೆಯೊಂದಿಗೆ ಬೆರೆತು ಬೂದಿಯಂತಾಗುತ್ತದೆ. ಕ್ಯಾಮೆರಾವನ್ನೇ ಎಳೆದಾಗ ದೀಪ ತನ್ನ ಪೂರ್ತಿ ಶಕ್ತಿಯೊಂದಿಗೆ ಸೆನ್ಸರಿನ ಉದ್ದಕ್ಕೂ ಹಾದುಹೋಗುತ್ತದೆ, ಹಾದಲ್ಲೆಲ್ಲ ಸುಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳೂ ಗುರುತಿಸುತ್ತಾರೆ. ಇನ್ನು ವಿದ್ಯುತ್ತಿನ ಮಣಿಸರವಂತೂ ತೆಗೆದ ಚಿತ್ರದಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ಹೆಕ್ಕಿ ತೆಗೆಯಲಾರದು, ಕಲ್ಪಿಸಿ ಸೇರಿಸಬಹುದಷ್ಟೆ.

ಕಲ್ಪಿಸಿ ಸೇರಿಸುವ ಮಾತು ಬಂದದ್ದರಿಂದ ಹೇಳುತ್ತೇನೆ. ಫೋನುಗಳ ನೈಟ್ ಮೋಡ್ ಕೂಡ ದೀರ್ಘ ಎಕ್ಸ್‌ಪೋಶರಿನ ಮಗುವೇ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ನೈಟ್ ಸೈಟ್ ತಂದಾಗಿನಿಂದ ಕತ್ತಲಲ್ಲೂ ಚಂದದ ಫೋಟೋ ಬರುವುದು ಮಾಮೂಲಾಗಿದೆ. ಒಳಗೆ ನಡೆಯುವುದು ಇಷ್ಟು: ಫೋನು ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತದೆ, ನಿಮ್ಮ ಕೈನಡುಕವನ್ನು ಲೆಕ್ಕ ಹಾಕಿ ಅವನ್ನು ಒಂದರ ಮೇಲೊಂದು ಕೂಡಿಸುತ್ತದೆ, ಅಲುಗಿದ್ದನ್ನು ಆದಷ್ಟು ಹತ್ತಿಕ್ಕುತ್ತದೆ. ಅಂದರೆ ಕಾಲವನ್ನು ಪೂರ್ತಿ ಬಳಸಿಕೊಂಡು, ಕಾಲದ ಗುರುತನ್ನು ಅಳಿಸಿ, ‘ಇದು ಒಂದು ಕ್ಷಣ’ ಎಂದು ನಿಮ್ಮ ಕೈಗಿಡುತ್ತದೆ. ಅದು ಉಪಯುಕ್ತ, ನಾನೂ ಬಳಸುತ್ತೇನೆ. ಆದರೆ ಅದನ್ನು ಪ್ರಾಮಾಣಿಕ ಚಿತ್ರವೆಂದೂ ನನ್ನ ಗೆರೆಗಳನ್ನು ಕೃತಕವೆಂದೂ ಕರೆಯುವವರು ಮಾತನ್ನು ತಿರುಗಿಸಿ ಹಾಕಿದ್ದಾರೆ. ಎರಡು ಸೆಕೆಂಡ್ ತೆರೆದಿದ್ದ ಶಟರು ಎರಡು ಸೆಕೆಂಡನ್ನೂ ಒಪ್ಪಿಕೊಂಡು ತೋರಿಸಿದರೆ ಅದರಲ್ಲಿ ಕೃತಕವೇನಿದೆ?

ಎರಡನೆಯ ವಾದ: ‘ಕ್ಯಾಮೆರಾ ಅಲ್ಲಾಡಿಸುವುದಕ್ಕೇನು, ಯಾರು ಬೇಕಾದರೂ ಮಾಡುತ್ತಾರೆ.’ ಹೌದು, ಯಾರು ಬೇಕಾದರೂ ಮಾಡಬಹುದು. ಪೆನ್ನು ಹಿಡಿದು ಗೆರೆ ಎಳೆಯುವುದನ್ನೂ ಯಾರು ಬೇಕಾದರೂ ಮಾಡಬಹುದು. ಅಲುಗಿದ ಚಿತ್ರ ಕೈಬರಹದಂತೆ. ಕೈ ನಿಧಾನಿಸಿದಲ್ಲಿ ಬೆಳಕು ಹೆಚ್ಚು ಹೊತ್ತು ಬೀಳುವುದರಿಂದ ಗೆರೆ ಪ್ರಖರವಾಗುತ್ತದೆ, ವೇಗವಾದಲ್ಲಿ ತೆಳುವಾಗುತ್ತದೆ. ಕೊನೆಯಲ್ಲಿ ಕೈ ತಡವರಿಸಿದರೆ ಅಲ್ಲೊಂದು ಗಂಟು ಬೀಳುತ್ತದೆ. ಆದ್ದರಿಂದ ಶಟರ್ ತೆರೆಯುವ ಮೊದಲೇ ಕೈ ಚಲಿಸುತ್ತಿರಬೇಕು, ಮುಚ್ಚಿದ ಮೇಲೂ ತುಸು ಮುಂದುವರಿಯಬೇಕು. ತೋಳಿನಿಂದ ಬಂದ ಚಲನೆ ಒಂದು ಬಗೆ, ಮಣಿಕಟ್ಟಿನಿಂದ ಬಂದದ್ದು ಇನ್ನೊಂದು ಬಗೆ, ಸೊಂಟ ತಿರುಗಿಸಿ ಬಂದದ್ದು ಮತ್ತೊಂದು. ಹಗಲಿನಲ್ಲಾದರೆ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಬೇಕು. ಹತ್ತು ಸ್ಟಾಪಿನದು ಬೆಳಕನ್ನು ಸುಮಾರು ಸಾವಿರದ ಒಂದು ಪಾಲಿಗೆ ಇಳಿಸುತ್ತದೆ. ಆಗ ಬಿಸಿಲಲ್ಲೂ ಸೆಕೆಂಡುಗಟ್ಟಲೆ ಸಮಯ ಸಿಗುತ್ತದೆ. ಆಕಸ್ಮಿಕಕ್ಕೆ ಇಲ್ಲಿ ಜಾಗವಿದೆ, ಇಲ್ಲವೆನ್ನುವುದಿಲ್ಲ. ನಾನು ಒಂದು ರಾತ್ರಿಯಲ್ಲಿ ಇನ್ನೂರು ಚಿತ್ರ ತೆಗೆದರೆ ಇಟ್ಟುಕೊಳ್ಳುವುದು ಎರಡೋ ಮೂರೋ. ಆದರೆ ಬೀದಿ ಛಾಯಾಗ್ರಾಹಕನಿಗೂ ಹಕ್ಕಿ ಹಿಡಿಯುವವನಿಗೂ ಲೆಕ್ಕ ಹೀಗೆಯೇ ಅಲ್ಲವೇ? ಅವರ ವಿಷಯದಲ್ಲಿ ತಾಳ್ಮೆ ಎನ್ನುವುದನ್ನು ನಮ್ಮ ವಿಷಯದಲ್ಲಿ ಅದೃಷ್ಟ ಎನ್ನುವುದೇಕೆ?

ಕೈಬರಹದ ಮಾತಿಗೆ ಒಂದು ಸಾಕ್ಷಿಯಿದೆ. ಮ್ಯಾನ್ ರೇ 1935ರಲ್ಲಿ ಕ್ಯಾಮೆರಾದ ಎದುರು ಕುಳಿತು, ಶಟರ್ ತೆರೆದಿಟ್ಟು, ಪುಟ್ಟ ಬೆಳಕಿನ ಕಡ್ಡಿಯಿಂದ ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ಗೀಚಿ ತನ್ನದೇ ಚಿತ್ರ ತೆಗೆದುಕೊಂಡ. ಅದು ಪುಸ್ತಕಗಳಲ್ಲಿ ಅಚ್ಚಾಯಿತು, ವಿಮರ್ಶಕರು ಬರೆದರು. ಎಲ್ಲರಿಗೂ ಅದು ಗೀಚು. 2009ರಲ್ಲಿ ಎಲೆನ್ ಕೇರಿ ಎಂಬ ಅಮೆರಿಕದ ಛಾಯಾಗ್ರಾಹಕಿ ಅದನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ನೋಡಿದಳು. ಅದು ಮ್ಯಾನ್ ರೇಯ ಸಹಿಯಾಗಿತ್ತು. ಎಪ್ಪತ್ತನಾಲ್ಕು ವರ್ಷ ಜನ ಒಂದು ಸಹಿಯನ್ನು ಗೀಚು ಎಂದುಕೊಂಡಿದ್ದರು. ಎಲ್ಲ ಬೆಳಕಿನ ಗೆರೆಯಲ್ಲೂ ಸಹಿ ಅಡಗಿದೆಯೆಂದು ನಾನು ಹೇಳುತ್ತಿಲ್ಲ. ‘ಇದರಲ್ಲಿ ಏನೂ ಇಲ್ಲ’ ಎನ್ನುವ ಮೊದಲು ಎಷ್ಟು ಹೊತ್ತು ನೋಡಿದಿರಿ ಎಂದು ಕೇಳುತ್ತಿದ್ದೇನೆ.

ಮೂರನೆಯದು ನಮ್ಮ ಸಾಹಿತ್ಯದ ಗೆಳೆಯರ ಪ್ರಶ್ನೆ: ‘ಇದರ ಅರ್ಥವೇನು?’ ಈ ಪ್ರಶ್ನೆ ಕೇಳುವವರು ಸಂಜೆ ಕಛೇರಿಗೆ ಹೋಗಿ ಒಂದೂ ಮಾತಿಲ್ಲದ ಅರ್ಧ ಗಂಟೆಯ ಆಲಾಪನೆಗೆ ತಲೆದೂಗುತ್ತಾರೆ. ಕಲ್ಯಾಣಿ ರಾಗದ ಅರ್ಥವೇನೆಂದು ಯಾರೂ ಎದ್ದು ನಿಂತು ಕೇಳಿದ್ದಿಲ್ಲ. ಬೆಳಗಾಗೆದ್ದು ಅಂಗಳಕ್ಕೆ ನೀರು ಹಾಕಿ ಚುಕ್ಕಿಯಿಟ್ಟು ಎಳೆಯುವ ರಂಗೋಲಿ ಏನನ್ನು ಪ್ರತಿನಿಧಿಸುತ್ತದೆಂದು ಕೇಳಿದರೆ ಮನೆಯವರು ನಗುತ್ತಾರೆ. ಅಲ್ಲಮನ ಬೆಡಗಿನ ವಚನಗಳನ್ನು ಎಂಟು ನೂರು ವರ್ಷಗಳಿಂದ ಇಟ್ಟುಕೊಂಡು ಬಂದ ಭಾಷೆಯಿದು. ನವ್ಯಕಾವ್ಯ ಬಂದಾಗಲೂ ‘ಅರ್ಥವಾಗುವುದಿಲ್ಲ’ ಎಂಬ ಕೂಗೆದ್ದಿತ್ತು, ಆ ಕೂಗು ಅಡಗಿ ಕಾವ್ಯ ಉಳಿಯಿತು. ಇಷ್ಟೆಲ್ಲ ಅಮೂರ್ತವನ್ನು ಅರಗಿಸಿಕೊಂಡ ನಾವು ಫೋಟೋ ಎಂದೊಡನೆ ಆಧಾರ್ ಕಾರ್ಡಿನ ಗುಮಾಸ್ತರಾಗಿಬಿಡುತ್ತೇವೆ: ಮುಖ ಕಾಣಬೇಕು, ಕಿವಿ ಕಾಣಬೇಕು.

ನಾಲ್ಕನೆಯ ವಾದವೇ ಗಟ್ಟಿಯಾದದ್ದು, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ‘ಇಷ್ಟು ಸಂಕಟಗಳಿರುವ ನಾಡಿನಲ್ಲಿ ಕ್ಯಾಮೆರಾ ಹಿಡಿದವನ ಹೊಣೆ ಸಾಕ್ಷಿ ನುಡಿಯುವುದು. ದೀಪಗಳ ಜೊತೆ ಆಟವಾಡುವುದು ಹೊಟ್ಟೆ ತುಂಬಿದವರ ಚಟ.’ ಬಂಡಾಯದ ಮಾತುಗಳನ್ನು ಕೇಳಿ ಬೆಳೆದ ನನಗೆ ಇದು ಚುಚ್ಚುತ್ತದೆ. ಆದರೆ ಸ್ಪಷ್ಟವಾದ ಗೆರೆ ಬಡವರ ಪರ, ಮಸುಕಾದ ಗೆರೆ ಉಳ್ಳವರ ಪರ ಎಂಬ ನಿಯಮ ಇತಿಹಾಸದಲ್ಲಿ ಎಲ್ಲೂ ಇಲ್ಲ. 1910ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ ಕಾರ್ಮಿಕರ ಕೈಗಳಿಗೆ ಪುಟ್ಟ ಬಲ್ಬು ಕಟ್ಟಿ, ಶಟರ್ ತೆರೆದಿಟ್ಟು, ಅವರ ಕೆಲಸದ ಚಲನೆಯನ್ನು ಬೆಳಕಿನ ಗೆರೆಯಾಗಿ ಹಿಡಿದರು. ಬಲ್ಬನ್ನು ಗೊತ್ತಾದ ವೇಗದಲ್ಲಿ ಮಿನುಗಿಸಿ, ಗೆರೆಯ ತುಂಡುಗಳನ್ನು ಎಣಿಸಿ, ಎಷ್ಟು ಸಮಯ ಹಿಡಿಯಿತೆಂದು ಅಳೆದರು. ವ್ಯರ್ಥ ಚಲನೆಯನ್ನು ತೆಗೆದುಹಾಕಿ ಕೆಲಸವನ್ನು ಚುರುಕುಗೊಳಿಸುವುದು ಉದ್ದೇಶ. ಇಂದು ಆ ಗೆರೆಗಳು ಗ್ಯಾಲರಿಯಲ್ಲಿಡುವಷ್ಟು ಚಂದ ಕಾಣುತ್ತವೆ. ಅಂದು ಅವು ದುಡಿಯುವ ದೇಹದಿಂದ ಎಷ್ಟು ಹಿಂಡಬಹುದು ಎಂಬ ಲೆಕ್ಕವೂ ಆಗಿದ್ದವು. ಬೆಳಕಿನ ಗೆರೆ ಅಷ್ಟು ನಿರಪಾಯದ ಆಟಿಕೆಯೇನಲ್ಲ.

ಇನ್ನೊಂದು ಕಡೆಯ ಉದಾಹರಣೆ ರಷ್ಯಾದ್ದು. ಸೋವಿಯತ್ ಒಕ್ಕೂಟ ಕುಸಿದ 1990ರ ದಶಕದ ಮೊದಲ ವರ್ಷಗಳಲ್ಲಿ ಅಲೆಕ್ಸೇಯ್ ತಿತರೆಂಕೊ ಸೇಂಟ್ ಪೀಟರ್ಸ್‌ಬರ್ಗಿನ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಕ್ಯಾಮೆರಾ ನಿಲ್ಲಿಸಿ ದೀರ್ಘ ಎಕ್ಸ್‌ಪೋಶರ್ ತೆಗೆದ. ಮೆಟ್ಟಿಲು ಹತ್ತುವ ನೂರಾರು ಜನ ಹೊಗೆಯಂತೆ, ಪ್ರವಾಹದಂತೆ ಕರಗಿದ್ದಾರೆ. ಕಂಬಿ ಹಿಡಿದು ಅರೆಕ್ಷಣ ನಿಂತ ಕೆಲವು ಕೈಗಳು ಮಾತ್ರ ಮೂಡಿವೆ. ಸಂಬಳ, ಉಳಿತಾಯ, ದೇಶ ಎಲ್ಲವೂ ಕೈಜಾರುತ್ತಿದ್ದ ಜನ ನೆರಳುಗಳಾಗಿ ಹೋದದ್ದನ್ನು ಆ ಚಿತ್ರಗಳು ತೋರಿಸಿದಷ್ಟು ಚೆನ್ನಾಗಿ ಯಾವ ಶಾರ್ಪ್ ಸುದ್ದಿಚಿತ್ರವೂ ನನಗೆ ತೋರಿಸಿಲ್ಲ. ಡಾಗೇರನ ಬೀದಿಯಲ್ಲಿ ನಡೆದವರು ಮಾಯವಾಗಿದ್ದರು. ಇಲ್ಲಿ ಆ ಮಾಯವಾಗುವಿಕೆಯೇ ಚಿತ್ರದ ವಸ್ತು. ತಂತ್ರ ಅದೇ, ಸಾಕ್ಷಿ ನುಡಿದವನ ಎದೆ ಬೇರೆ. ಹಾಗಾಗಿ ಪ್ರಶ್ನೆ ಮಸುಕೋ ಸ್ಪಷ್ಟವೋ ಎಂಬುದಲ್ಲ. ಯಾವ ನಿಜಕ್ಕೆ ಯಾವ ಶಟರು ಎಂಬುದು.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದವರನ್ನೂ ಬಿಡಬಾರದು. ಅಮೂರ್ತ ಬೆಳಕಿನ ಚಿತ್ರಕ್ಕೆ ಬಂದ ಕೆಟ್ಟ ಹೆಸರಿಗೆ ಅರ್ಧ ಕಾರಣ ಅದನ್ನು ತೆಗೆಯುವವರೇ. ಕ್ಯಾಮೆರಾವನ್ನು ನಾಲ್ಕು ಸಲ ಗಿರಗಿರ ತಿರುಗಿಸಿ ಬಂದದ್ದಕ್ಕೆಲ್ಲ ‘ಬ್ರಹ್ಮಾಂಡ ನರ್ತನ’, ‘ಅಂತರಂಗದ ಜ್ಯೋತಿ’, ‘ಶೂನ್ಯ ಸಂಪಾದನೆ’ ಎಂದು ಹೆಸರಿಡುವ ಚಾಳಿ ಅಸಹ್ಯ ಹುಟ್ಟಿಸುತ್ತದೆ. ಚಿತ್ರದಲ್ಲಿ ಇಲ್ಲದ ತೂಕವನ್ನು ಶೀರ್ಷಿಕೆ ತುಂಬಿಕೊಡಲಾರದು. ಬಣ್ಣವನ್ನು ಕಂಪ್ಯೂಟರಿನಲ್ಲಿ ಕಣ್ಣು ಕುಕ್ಕುವಷ್ಟು ಏರಿಸಿ, ಹೋಟೆಲ್ ಲಾಬಿಯ ಸೋಫಾದ ಬಣ್ಣಕ್ಕೆ ಹೊಂದುವಂತೆ ಪ್ರಿಂಟು ಹಾಕಿಸುವವರು ‘ಪ್ರಯೋಗ’ ಎಂಬ ಪದವನ್ನು ಬಳಸಬಾರದು. ಪ್ರಯೋಗವೆಂದರೆ ಒಂದು ಪ್ರಶ್ನೆ ಇರಬೇಕು, ತಪ್ಪಾಗುವ ಸಾಧ್ಯತೆ ಇರಬೇಕು. ಈ ದೀಪ ಹೇಗೆ ಮಿಡಿಯುತ್ತದೆ? ಒಂದು ಸೆಕೆಂಡಿಗೂ ನಾಲ್ಕು ಸೆಕೆಂಡಿಗೂ ನಡುವೆ ಈ ಬೀದಿ ಏನಾಗುತ್ತದೆ? ಬಸ್ಸಿನ ಕಿಟಕಿಗೆ ಕ್ಯಾಮೆರಾ ಒರಗಿಸಿದರೆ ರಸ್ತೆಯ ಗುಂಡಿಗಳು ತಾವೇ ಗೆರೆ ಬರೆಯುತ್ತವೆಯೇ? ಬರೆಯುತ್ತವೆ, ಹೃದಯದ ಇಸಿಜಿಯಂತೆ. ಅದು ಯಾವ ರಸ್ತೆ, ಯಾವ ವರ್ಷ ಎಂದು ಕೆಳಗೆ ಬರೆದಿಟ್ಟರೆ ನಾಳೆ ಅದು ಊರಿನ ಚರಿತ್ರೆ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಇಂಥ ಚಿತ್ರ ತೆಗೆಯುವವರು ಶೀರ್ಷಿಕೆಯಲ್ಲಿ ಕವಿತೆ ಬರೆಯುವುದನ್ನು ಬಿಟ್ಟು ಮೂರು ಸಂಗತಿ ಬರೆಯಲಿ: ಯಾವ ಬೆಳಕು, ಎಷ್ಟು ಹೊತ್ತು, ಯಾವ ಚಲನೆ. ‘ಹಣತೆ ಮತ್ತು ಸೀರಿಯಲ್ ಸೆಟ್ಟು, 1 ಸೆಕೆಂಡ್, ಮೇಲಿನಿಂದ ಕೆಳಕ್ಕೆ’ ಎಂಬುದು ‘ಬ್ರಹ್ಮಾಂಡ ನರ್ತನ’ಕ್ಕಿಂತ ಸಾವಿರ ಪಾಲು ಮೇಲು. ಛಾಯಾಗ್ರಹಣ ಕಲಿಸುವವರು ಶಟರಿನ ಪಾಠವನ್ನು ‘ಕೈ ಅಲುಗಿದರೆ ಕೆಡುತ್ತದೆ’ ಎಂಬ ಎಚ್ಚರಿಕೆಗೆ ಮುಗಿಸದೆ, ಬೇಕೆಂದೇ ಅಲುಗಿಸುವ ಒಂದು ತರಗತಿಯನ್ನಾದರೂ ಇಡಲಿ. ತೀರ್ಪುಗಾರರು ‘ಇದೇನು?’ ಎನ್ನುವ ಬದಲು ‘ಇಷ್ಟೇ ಹೊತ್ತು ಏಕೆ, ಇತ್ತಲೇ ಏಕೆ ಎಳೆದೆ?’ ಎಂದು ಕೇಳಲಿ. ಉತ್ತರವಿಲ್ಲದವರ ಚಿತ್ರವನ್ನು ಧಾರಾಳವಾಗಿ ತಿರಸ್ಕರಿಸಲಿ. ಕಾರಣ ಕೊಟ್ಟು ತಿರಸ್ಕರಿಸಿದರೆ ನನ್ನ ತಕರಾರಿಲ್ಲ.

ಓದುಗರಲ್ಲಿ ವಿದ್ಯಾರ್ಥಿಗಳಿದ್ದೀರಿ. ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ. ನಿಮ್ಮ ಬಳಿ ಇರುವುದು ಫೋನೇ ಆದರೂ ಅದರಲ್ಲಿ ಪ್ರೊ ಮೋಡ್ ಇದ್ದರೆ ಸಾಕು. ಶಟರಿಗೆ ಅರ್ಧ ಸೆಕೆಂಡ್ ಕೊಟ್ಟು, ರಾತ್ರಿ ನಿಮ್ಮ ಬೀದಿಯ ದೀಪದ ಕಡೆಗೆ ಹಿಡಿದು, ಬಟನ್ ಒತ್ತುವ ಮೊದಲೇ ಕೈ ಎಳೆಯಲು ಶುರುಮಾಡಿ. ಬಂದ ಗೆರೆಯನ್ನು ದೊಡ್ಡದು ಮಾಡಿ ನೋಡಿ. ಮಣಿಗಳಿದ್ದರೆ ಎಣಿಸಿ. ಇಲ್ಲದಿದ್ದರೆ ನಿಮ್ಮ ಬೀದಿಗೆ ಯಾವ ದೀಪ ಬಂದಿದೆಯೆಂದು ತಿಳಿಯಿತು. ಆಮೇಲೆ ಫೋನು ‘ಮಸುಕಾಗಿದೆ, ಅಳಿಸೋಣವೇ?’ ಎಂದು ಕೇಳಿದರೆ ಬೇಡವೆನ್ನಿ.